ಪೈಪಿಂಗ್ ಇಲ್ಲದ ಅಂಚು

ಸೀಟ್ ಮಾಮನ ಅಂಗಡಿಗೆ ಬೋರ್ಡಿಲ್ಲ. ಬೋರ್ಡಿನ ಅಗತ್ಯವೂ ಬಿದ್ದಿಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಪಂಚರ್ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಆ ಒಂದು ಕೋಣೆಯ ಬಾಗಿಲಲ್ಲಿ ಹಳೆಯ ಸ್ಕೂಟರ್ ಸೀಟೊಂದು ನೇತಾಡುತ್ತಿರುತ್ತದೆ. ಹುಡುಕಿಕೊಂಡು ಬಂದವರಿಗೆ ಅಷ್ಟು ಗುರುತು ಸಾಕು. ಒಳಗೆ ಒಂದು ಹೊಲಿಗೆ ಯಂತ್ರ, ಸುರುಳಿ ಸುತ್ತಿ ನಿಲ್ಲಿಸಿದ ರೆಕ್ಸಿನ್, ಗೋಡೆಗೆ ಒರಗಿಸಿದ ಫೋಮ್ ಹಾಳೆಗಳು, ಅಂಟಿನ ಡಬ್ಬದ ಘಾಟು ವಾಸನೆ. ಊರಿಗೆಲ್ಲ ಕೂರಲು ಸೀಟು ಮಾಡಿಕೊಡುವವನ ಅಂಗಡಿಯಲ್ಲಿ ಗಿರಾಕಿ ಕೂರಲು ಒಂದು ಸ್ಟೂಲೂ ಇಲ್ಲ ಎಂದು ಬೀಗದ ಅಂಗಡಿಯವನು ಆಡಿಕೊಳ್ಳುತ್ತಾನೆ. ಅದು ನಿಜವೇ.

ಮಾಮನಿಗೆ ಎರಡು ಚಟ. ಮೊದಲನೆಯದು, ಹಿಂದೆಮುಂದೆ ನೋಡದೆ ಎಲ್ಲರಿಗೂ "ದೊಡ್ಡ ಉಪಕಾರ ಆಯ್ತು" ಎನ್ನುವುದು. ಕೆಲಸ ತಂದವರಿಗೆ ಹಾಗೆಂದರೆ ಸರಿ. ಆದರೆ ಕೆಲಸ ಮಾಡಿಸಿಕೊಂಡು "ನಾಳೆ ಬರ್ತೀನಿ" ಎಂದು ಕೈಬೀಸಿ ಹೊರಟವರಿಗೂ ಅದೇ ಮಾತು. ಹೋಗಿದ್ದ ಕರೆಂಟು ಬಂದರೆ ಬಲ್ಬಿಗೆ ಉಪಕಾರ. ದಪ್ಪ ಹೊಲಿಗೆಯ ಮೇಲೆ ಮುರಿಯದೆ ದಾಟಿದರೆ ಸೂಜಿಗೂ ಉಪಕಾರ. "ಇವನು ಹೊಗಳಿ ಹೊಗಳಿ ಆ ಸೂಜಿಗೂ ಕೊಬ್ಬು ಬಂದಿದೆ" ಎಂದು ಅವನ ಅಕ್ಕ ಬೈಯುತ್ತಾಳೆ.

ಎರಡನೆಯ ಚಟ ಪೈಪಿಂಗ್. ಎರಡು ತುಂಡು ರೆಕ್ಸಿನ್ ಸೇರುವ ಅಂಚಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಹುರಿಯೊಂದನ್ನು ಪಟ್ಟಿಯೊಳಗೆ ಸುತ್ತಿ ಹೊಲಿಯುತ್ತಾರಲ್ಲ, ಬೆರಳಾಡಿಸಿದರೆ ಉಬ್ಬಾಗಿ ಸಿಗುತ್ತದಲ್ಲ, ಅದು. ಅದಿದ್ದರೆ ಸೀಟು ಎಷ್ಟು ವರ್ಷವಾದರೂ ಆಕಾರ ಬಿಟ್ಟುಕೊಡುವುದಿಲ್ಲ. ಬರಿದಾದ ಅಂಚು ಕಂಡರೆ ಮಾಮನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಸೀಟಿಗೆ ಸರಿ, ಮನೆಯ ದಿಂಬಿಗೂ ಪೈಪಿಂಗ್. ಸಂತೆ ಚೀಲಕ್ಕೂ ಪೈಪಿಂಗ್. ಒಲೆಕಟ್ಟೆ ಒರೆಸುವ ಬಟ್ಟೆಗೂ ಒಂದು ದಿನ ಕೆಂಪು ಪೈಪಿಂಗ್ ಬಂದಿತ್ತು. "ಮಧ್ಯಾಹ್ನ ಬಾಯಿ ತೆರೆದು ಮಲಗೋಕೂ ಹೆದರಿಕೆ ಕಣ್ರೀ, ನನ್ನ ತುಟಿಗೂ ಹಾಕಿಬಿಟ್ಟಾನು" ಎಂದು ಅಕ್ಕ ಪಕ್ಕದ ಮನೆಯವರ ಹತ್ತಿರ ಹೇಳಿದ್ದುಂಟು.

ಅಕ್ಕನ ಗಂಡ ತೀರಿಕೊಂಡಾಗ ಅವಳ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಮಾಮ ಹೋಗಿ ಇಬ್ಬರನ್ನೂ ಕರೆದುಕೊಂಡು ಬಂದ. ಬಂದ ದಿನವೇ ಅಕ್ಕ ಮನೆಯ ಪಾತ್ರೆಗಳನ್ನೆಲ್ಲ ಇಳಿಸಿ, ತೊಳೆದು, ತನಗೆ ಬೇಕಾದ ಹಾಗೆ ಜೋಡಿಸಿದಳು. ಅಂದಿನಿಂದ ಉಪ್ಪಿನ ಡಬ್ಬ ಎಲ್ಲಿದೆ ಎಂದು ಮಾಮ ಇವತ್ತಿಗೂ ಕೇಳಿಯೇ ತಿಳಿದುಕೊಳ್ಳುತ್ತಾನೆ. ಮದುವೆಯ ಮಾತು ಒಂದೆರಡು ಸಲ ಬಂತು, ಹೋಯಿತು. ಒಂದು ಮನೆಗೆ ಬೈಯುವವರು ಒಬ್ಬರು ಸಾಕು ಎಂದು ಅವನೇ ನಕ್ಕು ಸುಮ್ಮನಾದ.

ಹುಡುಗಿಗೆ ಮಾತು ಬಂದದ್ದೇ ಬಂದದ್ದು, ಮನೆಯಲ್ಲಿ ಯಾರಿಗೂ ಉಸಿರು ಬಿಡಲು ಪುರಸೊತ್ತಿಲ್ಲದ ಹಾಗಾಯಿತು. ಯಾಕೆ? ನೀರು ಯಾಕೆ ಒದ್ದೆ? ಸೂಜಿಗೆ ಯಾಕೆ ಕಣ್ಣು? ಬೀಗದ ಮಾಮ ಯಾಕೆ ಯಾವಾಗಲೂ ಕೋಪ? ಮಾಮ ಅವಳಿಗೆ 'ಯಾಕಮ್ಮ' ಎಂದೇ ಹೆಸರಿಟ್ಟ. ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಗೆ ಬಂದು ಫೋಮಿನ ರಾಶಿಯ ಮೇಲೆ ಹತ್ತಿ ಕೂರುತ್ತಿದ್ದಳು. ಯಂತ್ರದ ಟಕಟಕ ಸದ್ದು ನಡೆಯುತ್ತಿರುವಷ್ಟು ಹೊತ್ತು ಪ್ರಶ್ನೆಗಳೂ ನಡೆಯುತ್ತಿದ್ದವು.

ಅವಳು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯಲು ಶುರುಮಾಡಿದಾಗ ಮೊದಲು ಕನ್ನಡಕ ಬಂತು, ಆಮೇಲೆ ದಪ್ಪ ಕನ್ನಡಕ, ಆಮೇಲೆ ದೊಡ್ಡಾಸ್ಪತ್ರೆಯ ಓಡಾಟ. ಆ ಹೊತ್ತಿಗೆ ಮಾಮ ತನ್ನ ಯಂತ್ರಕ್ಕೆ ಮೋಟಾರು ಹಾಕಿಸುವ ತಯಾರಿಯಲ್ಲಿದ್ದ. ರೆಕ್ಸಿನ್ ಹೊಲಿಯುವ ಯಂತ್ರವನ್ನು ಕಾಲಲ್ಲಿ ತುಳಿಯುವುದೆಂದರೆ ಆಟವಲ್ಲ; ಸಂಜೆಯಾಗುವ ಹೊತ್ತಿಗೆ ಮೀನಖಂಡ ಕಲ್ಲಾಗಿರುತ್ತದೆ. ಮೋಟಾರಿನ ಮಾತು ಆಸ್ಪತ್ರೆಯ ದಾರಿಯಲ್ಲೇ ಎಲ್ಲೋ ಕರಗಿಹೋಯಿತು. ಮನೆಯಲ್ಲಿ ಮತ್ತೆ ಯಾರೂ ಅದನ್ನು ಎತ್ತಲಿಲ್ಲ.

ಕೊನೆಗೆ ಡಾಕ್ಟರು ಹೇಳಿದರು, "ಕಣ್ಣಿನ ಹಿಂದೆ ಇರೋ ಜೀವಕೋಶಗಳು ಒಂದೊಂದಾಗಿ ಸಾಯ್ತಾ ಇವೆ. ತಡೆಯೋಕೆ ನಮ್ಮ ಕೈಲಿ ಏನೂ ಇಲ್ಲ." ಒಳ್ಳೆಯ ಮನುಷ್ಯ, ಮೆತ್ತಗೆಯೇ ಹೇಳಿದರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಯಾಕಮ್ಮ ಮಾಮನ ತೋಳು ಹಿಡಿದು ಕೇಳಿದಳು.

"ಮಾಮಾ, ಜೀವಕೋಶ ಅಂದ್ರೇನು?"

ಮಾಮನಿಗೆ ಗೊತ್ತಿರಲಿಲ್ಲ. "ಕೇಳಿ ಹೇಳ್ತೀನಿ ಪುಟ್ಟಿ" ಎಂದ.

ಕೇಳಿ ಹೇಳುತ್ತೇನೆ ಎಂದವನು ವರ್ಷಗಟ್ಟಲೆ ಕೇಳಲೇ ಇಲ್ಲ. ಯಾರನ್ನು ಕೇಳುವುದು? ಪಂಚರ್ ಅಂಗಡಿಯವನನ್ನೇ? ಅಷ್ಟರಲ್ಲಿ ಹುಡುಗಿಗೆ ಕತ್ತಲು ಪೂರ್ತಿಯಾಯಿತು. ಅವಳು ಎದೆಗುಂದಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಬೇಸಿಗೆಯಿಡೀ ಮೂಲೆ ಹಿಡಿದು ಕೂತಿದ್ದಳು. ಆಮೇಲೆ ಒಂದು ದಿನ ಎದ್ದು, ಗೋಡೆ ಸವರಿಕೊಂಡು ಬಂದು, ತನ್ನ ಶಾಲೆ ಯಾವತ್ತು ತೆರೆಯುತ್ತದೆ ಎಂದು ಕೇಳಿದಳು. ಅಕ್ಕ ಪಾಠಗಳನ್ನು ಜೋರಾಗಿ ಓದಿ ಹೇಳುವುದು, ಅವಳು ಕೇಳಿ ಬಾಯಿಪಾಠ ಮಾಡುವುದು, ಹೀಗೆ ಬಂಡಿ ಸಾಗಿತು.

ತೊಂದರೆ ಬಂದದ್ದು ಮಕ್ಕಳು ಯಾವ ವಿಷಯ ಓದಬೇಕೆಂದು ಆರಿಸಿಕೊಳ್ಳುವ ವರ್ಷ. ಯಾಕಮ್ಮ ವಿಜ್ಞಾನ ಎಂದಳು. ಶಾಲೆಯ ದೊಡ್ಡ ಮೇಡಂ ಬೇಡ ಎಂದರು. ಅವರಿಗೆ ಹುಡುಗಿಯ ಮೇಲೆ ಹಗೆಯೇನೂ ಇರಲಿಲ್ಲ. "ಚಿತ್ರ ಬರೀಬೇಕು, ಸೂಕ್ಷ್ಮದರ್ಶಕದಲ್ಲಿ ನೋಡ್ಬೇಕು. ಪಾಪ, ಆಮೇಲೆ ಕಷ್ಟಪಟ್ಟು ಬಿಡೋದಕ್ಕಿಂತ ಈಗಲೇ ಬೇರೆ ತಗೊಳ್ಳೋದು ಒಳ್ಳೇದಲ್ವಾ?" ಎಂದು ಅಕ್ಕನನ್ನು ಕರೆಸಿ ಸಮಾಧಾನವಾಗಿಯೇ ಹೇಳಿದರು. ವಿಜ್ಞಾನದ ಮೇಷ್ಟ್ರು ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಹೊರಗಿನಿಂದ ಒಬ್ಬರು ಪರೀಕ್ಷಕಿ ಬರುತ್ತಾರೆ, ಜೀವಕೋಶದ ಭಾಗಗಳನ್ನು ಹುಡುಗಿ ಗುರುತಿಸಿ, ಯಾವುದು ಎಲ್ಲಿರುತ್ತದೆ ಎಂದು ತಪ್ಪಿಲ್ಲದೆ ತೋರಿಸಬೇಕು. ತೋರಿಸಿದರೆ ವಿಜ್ಞಾನ. ಇಲ್ಲವಾದರೆ ಆ ಬಾಗಿಲು ಅಲ್ಲಿಗೇ ಮುಚ್ಚಿತು.

"ಬೇರೆ ಏನಾದ್ರೂ ಓದಬಾರದೇನೇ?" ಎಂದು ಅಕ್ಕ ಮನೆಯಲ್ಲಿ ಕೇಳಿದಳು.

"ನನ್ನ ಕಣ್ಣಲ್ಲಿ ಏನು ಸತ್ತೋಯ್ತು ಅಂತ ಇಲ್ಲೀವರೆಗೂ ಯಾರೂ ಬಿಡಿಸಿ ಹೇಳಿಲ್ಲಮ್ಮ" ಎಂದಳು ಯಾಕಮ್ಮ. "ಮಾಮ ಕೇಳಿ ಹೇಳ್ತೀನಿ ಅಂದ. ಹೇಳ್ಲೇ ಇಲ್ಲ. ನಾನೇ ಓದಿ ತಿಳ್ಕೋತೀನಿ."

ತಟ್ಟೆಯ ಮುಂದೆ ಕೂತಿದ್ದ ಮಾಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿ ಎದ್ದ. ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಸೀದಾ ಮೇಷ್ಟ್ರ ಮನೆಗೆ ಹೋದ.

ಮೇಷ್ಟ್ರು ಚಿತ್ರ ಬಿಡಿಸಿದ ದೊಡ್ಡ ಹಾಳೆಗಳನ್ನು ತೆಗೆದುಕೊಂಡು ಅಂಗಡಿಗೇ ಬಂದರು. ಬೆರಳಿಗೆ ಸಿಗುವ ಹಾಗೆ ಎರಡು ಕೋಶ ಹೊಲಿಯಬೇಕು, ಒಂದು ಗಿಡದ್ದು, ಒಂದು ಪ್ರಾಣಿಯದ್ದು. ಮೇಲ್ಭಾಗ ತೆರೆದಿರಬೇಕು, ಒಳಗಿನ ಭಾಗಗಳನ್ನು ಬಿಡಿಸಿ ಮತ್ತೆ ಜೋಡಿಸುವಂತಿರಬೇಕು. ಅವರು ನಿಂತೇ ವಿವರಿಸಿದರು, ಸ್ಟೂಲಿರಲಿಲ್ಲವಲ್ಲ. ಮಾಮ ಒಂದೊಂದಕ್ಕೂ ತಲೆಯಾಡಿಸುತ್ತ, ಯಾವುದಕ್ಕೆ ಯಾವ ಬಟ್ಟೆ ಎಂದು ಮನಸ್ಸಲ್ಲೇ ಕತ್ತರಿಸಿಟ್ಟುಕೊಳ್ಳುತ್ತಿದ್ದ.

"ಇದು ಕೋಶಕೇಂದ್ರ. ಇಡೀ ಕೋಶದ ಕೆಲಸಕ್ಕೆಲ್ಲ ಅಪ್ಪಣೆ ಹೊರಡೋದು ಇಲ್ಲಿಂದ."

"ಅಂದ್ರೆ ಯಜಮಾನ. ಮಖಮಲ್ ಹಾಕೋಣ" ಎಂದ ಮಾಮ. "ನಡುಮಧ್ಯ ಕೂರಿಸ್ತೀನಿ."

"ಪ್ರಾಣಿ ಕೋಶದಲ್ಲಿ ಹೆಚ್ಚುಕಮ್ಮಿ ನಡುವೆ ಇರಲಿ. ಗಿಡದ್ದರಲ್ಲಿ ಪಕ್ಕಕ್ಕಿಡಿ."

"ಯಜಮಾನನ್ನ ಮೂಲೆಗೆ ತಳ್ಳೋದಾ ಮೇಷ್ಟ್ರೇ?"

"ನಡುವೆ ಈ ರಸದಾನಿ ಇದೆಯಲ್ಲ, ನೀರಿನ ಚೀಲದ ಹಾಗೆ. ಅದು ಅಷ್ಟು ಜಾಗ ಹಿಡಿದ ಮೇಲೆ ಅವನು ಸರಿದುಕೊಳ್ಳಲೇಬೇಕು."

"ನಮ್ಮನೇಲೂ ಅಷ್ಟೇ" ಎಂದ ಮಾಮ. ರಸದಾನಿಗೆ ಅಕ್ಕನ ಸೊಂಟನೋವಿನ ಬಿಸಿನೀರಿನ ಚೀಲವೇ ಆಗುತ್ತದೆ ಎಂದೂ ಆಗಲೇ ತೀರ್ಮಾನಿಸಿದ. ಅಕ್ಕ ಅದನ್ನು ವಾರಗಟ್ಟಲೆ ಹುಡುಕಿದಳು.

ಆಮೇಲೆ ಉದ್ದುದ್ದ ಗುಳಿಗೆಯ ಆಕಾರದವು, ಒಳಗೆ ಮಡಿಕೆ ಮಡಿಕೆ: ಮೈಟೋಕಾಂಡ್ರಿಯಾ. ಆಹಾರದಿಂದ ಶಕ್ತಿ ತೆಗೆದು ಕೊಡುವುದು ಇವುಗಳ ಕೆಲಸ ಎಂದು ಮೇಷ್ಟ್ರು ಹೇಳಿದರು. "ಎಲ್ಲ ಕೋಶದಲ್ಲೂ ಒಂದೇ ಸಮ ಇರಲ್ಲ. ಎಲ್ಲಿ ದುಡಿಮೆ ಹೆಚ್ಚೋ ಅಲ್ಲಿ ಹೆಚ್ಚು. ಹೃದಯದಲ್ಲಿ ತುಂಬಾ. ನಿಮ್ಮ ಕಾಲಲ್ಲೂ ತುಂಬಾ ಇರ್ತವೆ, ಇಷ್ಟು ವರ್ಷ ತುಳಿದಿದ್ದೀರಲ್ಲ."

ಮಾಮ ಪ್ಯಾಂಟಿನ ಕಾಲನ್ನು ಮೇಲೆ ಸರಿಸಿ ತನ್ನ ಮೀನಖಂಡವನ್ನು ನೋಡಿಕೊಂಡ. ಇಷ್ಟು ವರ್ಷ ಜೊತೆಗಿದ್ದರೂ ಪರಿಚಯವಾಗಿರಲಿಲ್ಲ. "ದೊಡ್ಡ ಉಪಕಾರ ಆಯ್ತು" ಎಂದ. ಮೇಷ್ಟ್ರು ತಮಗೆ ಹೇಳಿದ್ದೆಂದುಕೊಂಡರು. ಅವನು ಹೇಳಿದ್ದು ಕಾಲಿಗೆ.

ಫೋಮಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಯಾಕಮ್ಮ, "ಎಲ್ಲ ಕೋಶಕ್ಕೂ ಯಜಮಾನ ಇರ್ತಾನಾ?" ಎಂದಳು.

"ನಮ್ಮ ಕೆಂಪು ರಕ್ತಕಣಕ್ಕಿಲ್ಲ ನೋಡಮ್ಮ. ಅದು ಬೆಳೀತಾ ಕೋಶಕೇಂದ್ರವನ್ನ ಹೊರಹಾಕಿಬಿಡುತ್ತೆ, ಆಮ್ಲಜನಕ ಹೊರೋಕೆ ಜಾಗ ಬೇಕಲ್ಲ."

"ಯಜಮಾನ ಇಲ್ದೇನೂ ಕೆಲಸ ನಡೆಯುತ್ತೆ ಅನ್ನಿ" ಎಂದು, ಟೀ ಹಿಡಿದುಕೊಂಡು ಬಂದ ಅಕ್ಕ ತಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿದಳು.

ಆ ದಿನಗಳು ಮಾಮನ ಬದುಕಿನಲ್ಲೇ ಒಳ್ಳೆಯ ದಿನಗಳು. ಸ್ಕೂಟರ್ ಸೀಟುಗಳು ಬಾಗಿಲಲ್ಲಿ ರಾಶಿ ಬಿದ್ದವು, ಗಿರಾಕಿಗಳು ಹಲ್ಲು ಕಡಿದರು. ಗಿಡದ ಕೋಶಕ್ಕೆ ಇಟ್ಟಿಗೆಯಾಕಾರ ಬಂತು, ಹೊರಗೆ ಗಟ್ಟಿ ರೆಕ್ಸಿನ್ನಿನ ಕೋಶಭಿತ್ತಿ, ಅದರ ಅಂಚಿಗೆ ದಪ್ಪ ಹುರಿಯ ಪೈಪಿಂಗ್. ಗೋಡೆಗೆ ಒತ್ತಿಕೊಂಡ ಹಾಗೆ ಒಳಗೆ ತೆಳುವಾದ ಬಟ್ಟೆಯ ಕೋಶಪೊರೆ. ಎಲೆಯ ಹಸಿರೆಲ್ಲ ಕೂತಿರುವ ಕ್ಲೋರೋಪ್ಲಾಸ್ಟಿಗೆ ಹಸಿರು ಗುಂಡಿಗಳನ್ನು ಪೇರಿಸಿ ಪುಟ್ಟ ಪುಟ್ಟ ಚೀಲದಲ್ಲಿ ಹೊಲಿದ. ಹಸಿರು ಯಾಕೆ, ಅವಳಿಗೆ ಕಾಣುವುದಿಲ್ಲವಲ್ಲ ಎಂದು ಬೀಗದ ಅಂಗಡಿಯವನು ಕೇಳಿದ್ದಕ್ಕೆ, "ಅವಳಿಗೆ ಹಸಿರು ಗೊತ್ತು ಕಣೋ, ನೋಡಿದ್ದಾಳೆ" ಎಂದು ಜಗಳಕ್ಕೇ ನಿಂತ. ಪ್ರಾಣಿ ಕೋಶಕ್ಕೆ ಮೆತ್ತನೆಯ, ಹಿಗ್ಗುವ ಬಟ್ಟೆ, ದುಂಡನೆಯ ಆಕಾರ. ಎಲ್ಲಕ್ಕೂ ಟಿಚ್ ಬಟನ್. ಮೇಷ್ಟ್ರು ಬಂದು ನೋಡಿ, ಬಣ್ಣ ನೋಡಿ, ಜಾಗ ನೋಡಿ, ಸೊಗಸಾಗಿದೆ ಎಂದರು.

ಯಾಕಮ್ಮ ಬೆರಳಲ್ಲಿ ನೋಡಿದಳು. ಸುತ್ತ, ಒಳಗೆ, ಮತ್ತೆ ಸುತ್ತ.

"ಮಾಮಾ, ಈ ದುಂಡನೇದಕ್ಕೂ ಅಂಚಲ್ಲಿ ಗಟ್ಟಿ ಇದೆ. ಸರೀನಾ?"

"ಸರಿ ಇಲ್ದೆ? ಹೊಲಿದದ್ದು ಯಾರು?" ಎಂದ ಮಾಮ, ಹಲ್ಲಲ್ಲಿ ದಾರ ಕಡಿಯುತ್ತ. ಅವಳು ಕೇಳಿದ್ದು ಪಾಠ. ಅವನು ಉತ್ತರ ಕೊಟ್ಟದ್ದು ಹೊಲಿಗೆಗೆ. ಆ ಮಾತು ಅಲ್ಲೇ ಬಿಟ್ಟುಹೋಯಿತು.

ಪರೀಕ್ಷೆಯ ದಿನ ಮಾಮ ಎರಡೂ ಕೋಶಗಳನ್ನು ಸೈಕಲ್ಲಿನ ಮುಂದೆ ಕಟ್ಟಿ, ಹಿಂದಿನ ಕ್ಯಾರಿಯರ್ ಮೇಲೆ ಯಾಕಮ್ಮನನ್ನು ಕೂರಿಸಿಕೊಂಡು ಶಾಲೆಗೆ ಬಂದ. ಒಳಗೆ ಅವನಿಗೆ ಪ್ರವೇಶವಿಲ್ಲ. ಪ್ರಯೋಗಾಲಯದ ಕಿಟಕಿ ಪಕ್ಕದ ಜಗಲಿಯ ಬೆಂಚಿನಲ್ಲಿ ಕೂತ. ಕಿಟಕಿ ತೆರೆದಿತ್ತು. ಪರೀಕ್ಷಕಿ ವಯಸ್ಸಾದವರು, ಕನ್ನಡಕಕ್ಕೆ ಸರಪಳಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು, ನಗುವುದು ಕಮ್ಮಿ. ಪಕ್ಕದಲ್ಲಿ ದೊಡ್ಡ ಮೇಡಂ, ಗೋಡೆಗೆ ಒರಗಿ ಮೇಷ್ಟ್ರು.

ಭಾಗಗಳನ್ನೆಲ್ಲ ಕಿತ್ತು ಒಂದು ಬುಟ್ಟಿಗೆ ಹಾಕಿದ್ದರು. ಯಾಕಮ್ಮ ಒಂದೊಂದನ್ನೇ ಎತ್ತಿ, ಹೆಸರು ಹೇಳಿ, ಜಾಗದಲ್ಲಿ ಕೂರಿಸಿದಳು. ಟಿಚ್, ಟಿಚ್ ಎಂದು ಬಟನ್ ಕೂತ ಸದ್ದು ಕೇಳಿದಾಗಲೆಲ್ಲ ಮಾಮ ಹೊರಗೆ ತಲೆಯಾಡಿಸಿದ.

"ಕ್ಲೋರೋಪ್ಲಾಸ್ಟ್ ಗಿಡದಲ್ಲಿ ಎಲ್ಲ ಕಡೆ ಇರುತ್ತಾ?"

"ಇಲ್ಲ ಮೇಡಂ. ಎಲೆಯಲ್ಲಿ, ಎಳೇ ಕಾಂಡದಲ್ಲಿ. ಬೇರಲ್ಲಿ ಇರಲ್ಲ. ಮಣ್ಣೊಳಗೆ ಬಿಸಿಲೇ ಇಲ್ಲ, ಅಲ್ಲಿದ್ದು ಏನು ಮಾಡುತ್ತೆ?"

"ಕೋಶಭಿತ್ತಿ ಎಲ್ಲಿದೆ, ತೋರಿಸು."

ಅವಳ ಬೆರಳು ಇಟ್ಟಿಗೆಯಾಕಾರದ ಅಂಚನ್ನು ಸುತ್ತಿತು. ಆಮೇಲೆ ದುಂಡನೆಯದರ ಅಂಚನ್ನೂ ಸುತ್ತಿತು. "ಇಲ್ಲಿ. ಮತ್ತೆ ಇಲ್ಲಿ."

"ಎರಡಕ್ಕೂ ಇದೆಯಾ?"

ಅವಳ ಬೆರಳು ದುಂಡನೆಯದರ ಅಂಚಿಗೆ ಮತ್ತೊಮ್ಮೆ ಹೋಗಿ ಬಂತು. "ಎರಡಕ್ಕೂ ಇದೆ ಮೇಡಂ."

ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. "ತಪ್ಪು. ಪ್ರಾಣಿ ಕೋಶಕ್ಕೆ ಭಿತ್ತಿ ಇರೋದಿಲ್ಲ. ಗಿಡಕ್ಕೂ ಪ್ರಾಣಿಗೂ ಇರೋ ಮೊದಲನೇ ವ್ಯತ್ಯಾಸವೇ ಅದು." ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟು, "ನಾನು ಇದಕ್ಕೇ ಹೇಳಿದ್ದು" ಎಂದರು. ಮಾಮ ಸರಿ ಅಂದಿದ್ದ ಎಂದು ಯಾಕಮ್ಮ ಹೇಳಲಿಲ್ಲ.

ಹೊರಗೆ ಮಾಮನಿಗೆ ಅಂಗಡಿಯಲ್ಲಿ ಆಡಿದ ಮಾತು ಇಡಿಯಾಗಿ ನೆನಪಾಯಿತು. ಪ್ರವೇಶವಿಲ್ಲ ಎಂಬುದು ಮರೆತು ಒಳಗೆ ಹೋಗಿ ನಿಂತ.

"ಮೇಡಂ, ತಪ್ಪು ಅವಳದಲ್ಲ. ನಂದು."

"ನೀವ್ಯಾರು?"

"ಇದನ್ನ ಹೊಲಿದೋನು. ಅವಳ ಮಾಮ. ಪ್ರಾಣಿದಕ್ಕೆ ಗೋಡೆ ಇಲ್ಲ ಅಂತ ಮೇಷ್ಟ್ರು ನಂಗೆ ಹೇಳಿದ್ರು, ಆಗ ಅವಳು ಅಂಗಡೀಲಿರ್ಲಿಲ್ಲ. ನಾನು ಗೋಡೆ ಅಂತ ಹಾಕಿಲ್ಲ ಮೇಡಂ, ಅಂಚು ಬೋಳಾಗಿ ಕಾಣುತ್ತೆ ಅಂತ ಪೈಪಿಂಗ್ ಹಾಕ್ದೆ. ಕೈ ತಾನೇ ಹೋಗಿಬಿಡುತ್ತೆ. ಅವಳು ನನ್ನ ಕೇಳಿದ್ಲು, ಇದು ಸರೀನಾ ಅಂತ. ಸರಿ ಅಂದೆ. ಅವಳ ಬೆರಳು ಇರೋದನ್ನೇ ಹೇಳ್ತು. ಸುಳ್ಳು ಹೇಳಿದ್ದು ನನ್ನ ಹೊಲಿಗೆ."

"ನಾನೂ ಬರೀ ಕಣ್ಣಲ್ಲಿ ನೋಡಿ ಸರಿ ಅಂದುಬಿಟ್ಟೆ" ಎಂದರು ಮೇಷ್ಟ್ರು.

ಪರೀಕ್ಷಕಿ ಕನ್ನಡಕ ತೆಗೆದರು, ಅದು ಸರಪಳಿಯಲ್ಲಿ ನೇತಾಡಿತು. ಕಣ್ಣು ಮುಚ್ಚಿಕೊಂಡು, ಮೊದಲು ಒಂದು ಕೋಶದ ಅಂಚಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ನನ್ನನ್ನ ಕೇಳಿದ್ರೂ ಎರಡಕ್ಕೂ ಗೋಡೆ ಅಂತಲೇ ಹೇಳ್ತಿದ್ದೆ" ಎಂದರು ಕಣ್ಣು ತೆರೆದು. "ಬಿಚ್ಚೋಕೆ ಎಷ್ಟು ಹೊತ್ತು ಬೇಕು?"

"ನೀವು ಟೀ ಕುಡಿದು ಬರೋಷ್ಟರಲ್ಲಿ ಆಗುತ್ತೆ ಮೇಡಂ."

ಜಗಲಿಯ ಬೆಂಚಿನ ಮೇಲೆ ಕೂತು, ಮೇಷ್ಟ್ರು ತಂದುಕೊಟ್ಟ ಬ್ಲೇಡಿನಿಂದ ಮಾಮ ಬಿಚ್ಚತೊಡಗಿದ. ತನ್ನದೇ ಹೊಲಿಗೆ, ಎರಡೆರಡು ಸಲ ಓಡಿಸಿದ್ದು, ಎಳೆದರೆ ಜಗ್ಗುವುದಿಲ್ಲ. "ಯಾವನಪ್ಪ ಇದನ್ನ ಹೊಲಿದೋನು, ಇಷ್ಟು ಗಟ್ಟಿ!" ಎಂದು ತನ್ನನ್ನೇ ಬೈದುಕೊಂಡ. ಟೀ ಮುಗಿಯಿತು, ಇನ್ನೊಂದು ಟೀಯೂ ಮುಗಿಯಿತು. ಪಾಪ, ಪರೀಕ್ಷಕಿ ಗಡಿಯಾರ ನೋಡಲಿಲ್ಲ. ಕೊನೆಯ ಹೊಲಿಗೆ ಬಿಟ್ಟು ಹುರಿಯನ್ನು ಎಳೆದಾಗ ಅದು ಹಾವಿನ ಹಾಗೆ ಹೊರಬಂತು. ಇತ್ತ ದುಂಡನೆಯ ಕೋಶ ಮಾಮನ ತೊಡೆಯ ಮೇಲೆ ಮೆಲ್ಲಗೆ ಕುಸಿದು ಹರಡಿಕೊಂಡಿತು. ಅಂಚಿನ ಎಳೆಗಳು ಕೆದರಿ ನಿಂತವು. ಅದನ್ನು ಒಂದಿಷ್ಟು ಮಡಚಿ ನಾಲ್ಕು ಹೊಲಿಗೆ ಹಾಕಲು ಅವನ ಕೈ ಜೇಬಿನಲ್ಲಿದ್ದ ಸೂಜಿಯ ಕಡೆ ಹೋಯಿತು. ಹೋದ ಕೈಯನ್ನು ಜೇಬಿನಲ್ಲೇ ಮುಷ್ಟಿ ಹಿಡಿದು ನಿಲ್ಲಿಸಿಕೊಂಡ. ಬರಿದಾದ ಅಂಚಿನ ವಸ್ತುವೊಂದು ಅವನ ಕೈಯಿಂದ ಆಚೆ ಹೋದದ್ದು ಅದೇ ಮೊದಲು.

ಪರೀಕ್ಷಕಿ ಏನೂ ಕೇಳದೆ ಎರಡೂ ಕೋಶಗಳನ್ನು ಅದಲುಬದಲು ಮಾಡಿ ಅವಳ ಮುಂದಿಟ್ಟರು. ಯಾಕಮ್ಮ ಮುಟ್ಟಿದಳು. ಮೆತ್ತನೆಯದನ್ನು ಎರಡೂ ಕೈಯಲ್ಲಿ ಎತ್ತಿದಳು, ಅದು ಬೆರಳುಗಳ ನಡುವೆ ಜೋತುಬಿತ್ತು. ಇನ್ನೊಂದನ್ನು ಎತ್ತಿದಳು, ಅದು ನೆಟ್ಟಗೆ ನಿಂತಿತು. ಮತ್ತೆ ಮೊದಲನೆಯದು. ಅವಳ ಮುಖದಲ್ಲಿ ಏನೋ ಬೆಳಗಿತು.

"ಇದಕ್ಕೆ ಗೋಡೆ ಇಲ್ಲ. ಬರೀ ಪೊರೆ. ಇದು ನಮ್ಮದು" ಎಂದಳು. ಆಮೇಲೆ ಯಾರೂ ಕೇಳದೆಯೇ, "ಮೇಡಂ, ಅದಕ್ಕೇನಾ ನಮಗೆ ಮೂಳೆ ಬೇಕಾಗಿರೋದು? ಗಿಡಕ್ಕೆ ಒಂದೊಂದು ಕೋಶಕ್ಕೂ ಗೋಡೆ ಇದೆ, ಒಳಗೆ ನೀರಿನ ಚೀಲ ಒತ್ತಿ ಹಿಡಿದಿದೆ. ಮೂಳೆ ಇಲ್ದೇನೂ ನಿಂತ್ಕೊಳ್ಳುತ್ತೆ. ನಮ್ಮದು ಹೀಗೆ ಕುಸಿಯುತ್ತಲ್ಲ."

ಪರೀಕ್ಷಕಿ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ಹೌದು, ಅದೂ ಒಂದು ಕಾರಣ" ಎಂದರು. ದೊಡ್ಡ ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕೊನೇ ಪ್ರಶ್ನೆ. ಮೈಟೋಕಾಂಡ್ರಿಯಾ ಎಲ್ಲಿ ಹೆಚ್ಚಾಗಿರುತ್ತೆ?"

"ಎಲ್ಲಿ ಹೆಚ್ಚು ದುಡಿಮೆ ಇರುತ್ತೋ ಅಲ್ಲಿ."

"ಉದಾಹರಣೆ ಕೊಡು."

"ನಮ್ಮ ಮಾಮನ ಕಾಲಲ್ಲಿ" ಎಂದಳು ಯಾಕಮ್ಮ. "ಎಲ್ಲರ ಮೆಷಿನ್ನಿಗೂ ಮೋಟಾರಿದೆ ಮೇಡಂ. ಇವನದಕ್ಕಿಲ್ಲ. ನನ್ನ ಕಣ್ಣಿಗೆ ಅಂತ ಬಿಟ್ಟುಬಿಟ್ಟ. ದಿನಾ ತುಳೀತಾನೆ, ನಾನು ಕೇಳಿಸ್ಕೋತಾ ಇರ್ತೀನಿ."

ಜಗಲಿಯಲ್ಲಿ ಮಾಮ ಕಂಬವನ್ನು ಹಿಡಿದುಕೊಂಡ. ಮೋಟಾರಿನ ವಿಷಯ ಅವಳಿಗೆ ಗೊತ್ತಿಲ್ಲವೆಂದೇ ಅವನು ಅಷ್ಟು ವರ್ಷ ನಂಬಿಕೊಂಡಿದ್ದ.

ಪರೀಕ್ಷಕಿ ಪೆನ್ನಿಗೆ ಮುಚ್ಚಳ ಹಾಕಿ, "ಇನ್ನೊಂದು ಜಾಗ ನಾನು ಹೇಳ್ತೀನಿ ಕೇಳು" ಎಂದರು, ದನಿ ಮೆತ್ತಗಾಗಿತ್ತು. "ಕಣ್ಣಿನ ಹಿಂದೆ ಬೆಳಕು ಹಿಡಿಯೋ ಕೋಶಗಳಿವೆ. ಅವುಗಳಲ್ಲೂ ತುಂಬಾ ಇರುತ್ತೆ. ನೋಡೋದು ಅಂದ್ರೆ ಬಹಳ ದೊಡ್ಡ ಕೆಲಸ. ಇದನ್ನೆಲ್ಲ ಮುಂದೆ ನೀನೇ ಓದ್ತೀಯ."

ಓದ್ತೀಯ ಎಂದರು. ದೊಡ್ಡ ಮೇಡಂ ಎದ್ದು ಬಂದು ಹುಡುಗಿಯ ತಲೆ ಸವರಿ, "ವಿಜ್ಞಾನಕ್ಕೇ ಸೇರಿಸ್ಕೊಳ್ಳೋಣ ಮೇಷ್ಟ್ರೇ" ಎಂದರು. ಆ ಎರಡು ಕೋಶ ಶಾಲೆಯಲ್ಲೇ ಇರಲಿ, ಕಣ್ಣಿರುವ ಮಕ್ಕಳೂ ಮುಟ್ಟಿ ನೋಡಲಿ ಎಂದೂ ಹೇಳಿದರು. ಮಾಮ ಒಳಗೆ ಬಂದು ಎಲ್ಲರ ಮುಂದೆ ಕೈಮುಗಿದು ನಿಂತ. ಸೂಜಿಗೂ ಬಲ್ಬಿಗೂ ಉಪಕಾರ ಹೇಳುವ ಬಾಯಿಗೆ, ಹೇಳಲೇಬೇಕಾದ ಹೊತ್ತಿನಲ್ಲಿ ಮಾತೇ ಬರಲಿಲ್ಲ.

ಸೈಕಲ್ಲಿನಲ್ಲಿ ಅರ್ಧ ದಾರಿ ಬಂದ ಮೇಲೆ ಅವನಿಗೆ ದನಿ ಬಂತು.

"ನಾನು ಸರಿ ಅಂದಿದ್ದೆ ಅಂತ ಅಲ್ಲಿ ಯಾಕೆ ಹೇಳ್ಲಿಲ್ಲ ನೀನು?"

"ನೀನು ಹೊರಗೆ ಕೂತಿದ್ದೆ. ಕೇಳಿಸ್ಕೊಂಡು ಬೇಜಾರು ಮಾಡ್ಕೋತಿದ್ದೆ."

ಮಾಮ ಬೆಲ್ಲು ಹೊಡೆದ, ಎದುರಿಗೆ ಯಾರೂ ಇರಲಿಲ್ಲ.

ಬಸ್ ನಿಲ್ದಾಣಕ್ಕೆ ಮೊದಲು ಒಂದು ಏರು ಬರುತ್ತದೆ. ಅಲ್ಲಿ ಯಾವಾಗಲೂ ಯಾಕಮ್ಮ ಇಳಿಯುವುದು, ಮಾಮ ತಳ್ಳಿಕೊಂಡು ಹತ್ತುವುದು ವಾಡಿಕೆ. ಚಕ್ರ ನಿಧಾನವಾದದ್ದು ಗೊತ್ತಾಗಿ ಅವಳು ಕಾಲು ಕೆಳಗೆ ಚಾಚಿದಳು.

"ಇಳೀಬೇಡ, ಕೂತ್ಕೋ" ಎಂದ ಮಾಮ. "ಕಾಲಲ್ಲಿ ಅಷ್ಟೊಂದು ಇಟ್ಕೊಂಡು ಏನು ಮಾಡ್ಲಿ?"

ಎದ್ದು ನಿಂತು ತುಳಿದ. ಸೈಕಲ್ಲು ಅತ್ತಿತ್ತ ವಾಲಾಡಿ ಏರತೊಡಗಿತು. ಅವಳು ಅವನ ಅಂಗಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಾಮಾ, ಆ ಮೇಡಂ ಹೇಳಿದ್ದು ಕೇಳಿಸ್ತಾ? ನನ್ನ ಕಣ್ಣಿನ ಕೋಶಗಳೂ ಅಷ್ಟು ಕೆಲಸ ಮಾಡಿವೆಯಂತೆ. ನಾನು ಅವು ಸೋಮಾರಿಗಳು ಅಂದ್ಕೊಂಡಿದ್ದೆ. ಬೈಕೋತಿದ್ದೆ ದಿನಾ."

ಮಾಮನಿಗೆ ಏದುಸಿರು.

"ಹೋಗೋ ಮುಂಚೆ ಅಮ್ಮನ್ನ ತೋರಿಸಿದ್ವು. ಹಸಿರು ತೋರಿಸಿದ್ವು. ನಿನ್ನ ಮುಖ ನಂಗೆ ಈಗ್ಲೂ ಹಾಗ್ಹಾಗೇ ನೆನಪಿದೆ, ಮೂಗಿನ ಪಕ್ಕದ ಮಚ್ಚೆ ಸಮೇತ." ಆಮೇಲೆ ಅವಳು ಅವನದೇ ಧಾಟಿಯಲ್ಲಿ ತನ್ನ ಕಣ್ಣುಗಳಿಗೆ ಅಂದಳು, "ದೊಡ್ಡ ಉಪಕಾರ ಆಯ್ತು."

ಏರು ಇನ್ನೂ ಸ್ವಲ್ಪ ಇತ್ತು. ಮಾಮನಿಗೆ ಮುಂದಿನ ರಸ್ತೆ ಮಂಜುಮಂಜಾಗಿ ಕಾಣುತ್ತಿತ್ತು, ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಅವನು ತುಳಿಯುತ್ತಲೇ ಹೋದ.